ತಿರುಗಾಟ ಅಗ್ಗ, ರೂಮು ದುಬಾರಿ

ಕಳೆದ ವರ್ಷ ಮೇ ತಿಂಗಳ ಒಂದು ಭಾನುವಾರ. ನಮ್ಮ ನೆಂಟರ ವಾಟ್ಸಾಪ್ ಗ್ರೂಪಿಗೆ ಅಕ್ಕನ ಮಗಳ ಫೋಟೋ ಬಂತು. ಹಿಂದೆ ಗುಡ್ಡದ ಮೇಲೊಂದು ಕೋಟೆ, ಕೆಳಗೆ ನದಿ, ಅವಳ ಕೈಯಲ್ಲಿ ಫಾಯಿಲ್ ಸುತ್ತಿದ ಚಪಾತಿ. ಊರು ಆಸ್ಟ್ರಿಯಾದ ಸಾಲ್ಜ್‌ಬರ್ಗ್. ಹತ್ತು ನಿಮಿಷ ಆಗಿರಲಿಲ್ಲ, ವಿಜಯನಗರದ ದೊಡ್ಡಮ್ಮನ ಉತ್ತರ ಬಂತು: "ಓದೋಕೆ ಹೋಗಿದ್ದಾಳೋ, ಊರು ಸುತ್ತೋಕೆ ಹೋಗಿದ್ದಾಳೋ?" ಅದಕ್ಕೆ ಮೂರು ಜನ ಹೆಬ್ಬೆರಳು ಒತ್ತಿದರು. ಭಾವ ಏನೂ ಬರೆಯಲಿಲ್ಲ. ಮಗಳ ಸಾಲಕ್ಕೆಂದು ನಾಗರಬಾವಿ ಸೈಟಿನ ಪತ್ರ ಬ್ಯಾಂಕಿನಲ್ಲಿಟ್ಟವರು ಅವರು. ಅವರು ಸುಮ್ಮನಿದ್ದದ್ದೇ ಅವಳಿಗೆ ಜಾಸ್ತಿ ಚುಚ್ಚಿತಂತೆ.

ಆ ದಿನ ಎಷ್ಟು ಖರ್ಚಾಯಿತು ಅಂತ ಆಮೇಲೆ ನಾನು ಕೇಳಿದೆ. ರೈಲಿಗೆ ಬೇರೆ ದುಡ್ಡು ಕೊಟ್ಟಿಲ್ಲ. ಚಪಾತಿ ರೂಮಿನಲ್ಲಿ ಮಾಡಿದ್ದು. ಒಂದು ಕಾಫಿ, 4 ಯೂರೋ. ಅದನ್ನೂ ಎರಡು ಸಲ ಯೋಚಿಸಿ ಕುಡಿದಳಂತೆ.

ಅವಳು ಎಂಎಸ್ ಓದುತ್ತಿರುವುದು ಮ್ಯೂನಿಕ್‌ನಲ್ಲಿ. ಜರ್ಮನಿಯಲ್ಲಿ ಡಾಯ್ಚ್‌ಲಾಂಡ್ ಟಿಕೆಟ್ ಅಂತ ಒಂದು ತಿಂಗಳ ಪಾಸ್ ಇದೆ. ನಮ್ಮ ಬಿಎಂಟಿಸಿ ಪಾಸನ್ನು ಇಡೀ ದೇಶಕ್ಕೆ ಹಿಗ್ಗಿಸಿದ ಹಾಗೆ. ಊರೊಳಗಿನ ಬಸ್ಸು, ಟ್ರಾಮು, ಮೆಟ್ರೊ, ಊರಿಂದೂರಿಗೆ ಓಡುವ ಪ್ಯಾಸೆಂಜರ್ ರೈಲು, ಎಲ್ಲಕ್ಕೂ ನಡೆಯುತ್ತದೆ. ಐಸಿಇಯಂಥ ವೇಗದ ರೈಲುಗಳಿಗೆ ಮಾತ್ರ ಇಲ್ಲ. 2023ರ ಮೇನಲ್ಲಿ ಶುರುವಾದಾಗ 49 ಯೂರೋ ಇತ್ತು, 2025ರಲ್ಲಿ 58 ಆಯಿತು, 2026ರ ಜನವರಿಯಿಂದ 63. ವಿದ್ಯಾರ್ಥಿಗಳಿಗೆ ಇನ್ನೂ ಕಡಿಮೆಗೆ ಸಿಗುತ್ತದೆ. ಗಡಿ ದಾಟಿ ಸಾಲ್ಜ್‌ಬರ್ಗ್ ಸ್ಟೇಷನ್‌ವರೆಗೂ ಅದೇ ಪಾಸ್ ಸಾಕು. ಕ್ಲಾಸಿಗೆ ಹೋಗಲು ಹೇಗೂ ತೆಗೆದುಕೊಂಡ ಪಾಸಿನಲ್ಲಿ ಅವಳು ಇನ್ನೊಂದು ದೇಶ ನೋಡಿ ಬಂದಿದ್ದಳು.

ಬೆಂಗಳೂರಿನಲ್ಲಿ ಕೂತ ನಾವು ಈ ಫೋಟೋಗಳನ್ನು ತಲೆಕೆಳಗಾಗಿ ಓದುತ್ತೇವೆ ಅಂತ ನನಗೆ ಅನ್ನಿಸತೊಡಗಿದ್ದು ಆಗ. ನಮಗೆ ರೂಮು ಅನ್ನುವುದು ತಲೆನೋವಿನ ವಿಷಯವೇ ಅಲ್ಲ. ಬಿಟಿಎಂ ಲೇಔಟಿನಲ್ಲಿ ಲೈಟ್ ಕಂಬಕ್ಕೊಂದು ಪಿಜಿ ಬೋರ್ಡು. ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದವನು ಸಂಜೆಗೆ ಬ್ಯಾಗು ಇಡಲು ಜಾಗ ಹುಡುಕಿಕೊಂಡಿರುತ್ತಾನೆ. ನಾಲ್ಕು ದಿನ ಊಟಿಗೆ ಹೋಗುವುದು ಮಾತ್ರ ಖರ್ಚಿನ ಬಾಬತ್ತು. ಅಲ್ಲಿ ಇದೆಲ್ಲ ತಿರುಗುಮುರುಗು. ತಿರುಗಾಟ ಅಗ್ಗ. ತಲೆ ಮೇಲಿನ ಸೂರು ಹುಡುಗರನ್ನು ನುಂಗಿ ಹಾಕುತ್ತದೆ. ಮನೆಯವರು ಬೈಯುವುದು ಫೋಟೋಗೆ. ರೂಮಿನ ಬಗ್ಗೆ ಕೇಳುವವರೇ ಕಡಿಮೆ.

ಲೆಕ್ಕವನ್ನೇ ನೋಡೋಣ. ಜರ್ಮನಿಯ ವೀಸಾಕ್ಕೆ ಬ್ಲಾಕ್ಡ್ ಅಕೌಂಟ್ ತೋರಿಸಬೇಕು. ಒಂದು ವರ್ಷದ ಜೀವನಕ್ಕೆ ಬೇಕಾದ ದುಡ್ಡನ್ನು ಮುಂಚೆಯೇ ತುಂಬಿ ಬೀಗ ಹಾಕಿದ ಖಾತೆ ಅದು. ತಿಂಗಳಿಗೆ ಇಷ್ಟೇ ಅಂತ ಕೈಗೆ ಬರುತ್ತದೆ. ನಮ್ಮ ಹುಡುಗಿ ಹಣ ಕಟ್ಟುವಾಗ ವರ್ಷಕ್ಕೆ 11,208 ಯೂರೋ ಇತ್ತು. 2024ರ ಸೆಪ್ಟೆಂಬರ್‌ನಿಂದ ಅದು 11,904. ತಿಂಗಳಿಗೆ ಭಾಗಿಸಿದರೆ 992. ಕೇಳೋಕೆ ಚೆನ್ನಾಗಿದೆ, ಸುಮಾರು ಒಂದು ಲಕ್ಷ ರೂಪಾಯಿ. ಈಗ ಮ್ಯೂನಿಕ್‌ನಲ್ಲಿ ಹಂಚಿಕೊಂಡ ಫ್ಲ್ಯಾಟಿನ ಒಂದು ರೂಮಿಗೆ ಬಾಡಿಗೆ 800 ಯೂರೋ ಆಸುಪಾಸು. ಕಡ್ಡಾಯ ಆರೋಗ್ಯ ವಿಮೆ ಸುಮಾರು 145. ಉಳಿಯುವುದು ಐವತ್ತಕ್ಕೂ ಕಡಿಮೆ. ಅದರಲ್ಲಿ ಅಕ್ಕಿ, ತರಕಾರಿ, ಫೋನು, ಆ ರೈಲು ಪಾಸು. ಅಕ್ಕಿಗೆ ಬಂದರೆ ಪಾಸಿಗೆ ಬರಲ್ಲ.

ಆ 992 ಅನ್ನುವುದು ಜರ್ಮನಿಯ ಸರ್ಕಾರ ತನ್ನದೇ ವಿದ್ಯಾರ್ಥಿಗಳಿಗೆ ಕೊಡುವ ಬಾಫೋಗ್ ನೆರವಿನ ಗರಿಷ್ಠ ಮೊತ್ತ. ಇಡೀ ದೇಶಕ್ಕೆ ಒಂದೇ ಅಂಕಿ. ಪೂರ್ವ ಜರ್ಮನಿಯ ಚೆಮ್ನಿಟ್ಸ್‌ನಂಥ ಊರಿನಲ್ಲಿ 300 ಯೂರೋ ಸುಮಾರಿಗೆ ರೂಮು ಸಿಗುತ್ತದೆ. ಅಲ್ಲಿ ಅದೇ 992ರಲ್ಲಿ ಆರಾಮಾಗಿ ಬದುಕಬಹುದು. ಮ್ಯೂನಿಕ್‌ನಲ್ಲಿ ತಿಂಗಳ ಎರಡನೇ ವಾರಕ್ಕೆ ಕೈ ಖಾಲಿ. ವೀಸಾ ಅಧಿಕಾರಿಗೆ ಎರಡೂ ಊರು ಒಂದೇ. ಬೆಂಗಳೂರಿನ ಅಪ್ಪಂದಿರಿಗೂ ಒಂದೇ. ಅವರು ನೋಡುವುದು ಯೂನಿವರ್ಸಿಟಿ ರ‍್ಯಾಂಕಿಂಗ್. ಊರು ಆರಿಸುವಾಗ ಬಾಡಿಗೆ ನೋಡಿದ ಕುಟುಂಬ ನನಗೆ ಇನ್ನೂ ಸಿಕ್ಕಿಲ್ಲ.

ಇಷ್ಟೊಂದು ಜನ ಜರ್ಮನಿಗೆ ಯಾಕೆ ಹೋಗುತ್ತಾರೆ ಅಂದರೆ, ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಬಹುತೇಕ ಫೀಸು ಇಲ್ಲ. 2023-24ರ ಚಳಿಗಾಲದ ಸೆಮಿಸ್ಟರ್‌ನಲ್ಲಿ ಅಲ್ಲಿ 49 ಸಾವಿರಕ್ಕೂ ಜಾಸ್ತಿ ಭಾರತೀಯರು ಓದುತ್ತಿದ್ದರು. ವಿದೇಶಿ ವಿದ್ಯಾರ್ಥಿಗಳಲ್ಲಿ ನಮ್ಮವರದ್ದೇ ದೊಡ್ಡ ಗುಂಪು. ಆಮೇಲೆ ಇನ್ನೂ ಏರಿದೆ. ಆದರೆ ಆ 'ಫ್ರೀ' ಅನ್ನುವ ಮಾತಿಗೂ ತೂತುಗಳಿವೆ. ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯ 2017ರಿಂದಲೇ ಯುರೋಪ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಹಾಕಿದೆ. ನಮ್ಮ ಮೆಕ್ಯಾನಿಕಲ್ ಹುಡುಗರು ಕನಸು ಕಾಣುವ ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹೆ ಅಲ್ಲೇ ಇರುವುದು. ಆಡುಗೋಡಿಯಲ್ಲಿ ಬಾಷ್ ನೋಡಿ ಬೆಳೆದವರಿಗೆ ಬಾಷ್‌ನ ತವರಿನ ಮೇಲೆ ಪ್ರೀತಿ ಇರುವುದು ಸಹಜ. ಮ್ಯೂನಿಕ್‌ನ ತಾಂತ್ರಿಕ ಯೂನಿವರ್ಸಿಟಿಯೂ 2024-25ರ ಚಳಿಗಾಲದಿಂದ ಹೊಸಬರಿಗೆ ಫೀಸು ಶುರು ಮಾಡಿದೆ, ಮಾಸ್ಟರ್ಸ್‌ಗೆ ಸೆಮಿಸ್ಟರಿಗೆ 4,000ದಿಂದ 6,000 ಯೂರೋ.

ನಮ್ಮ ಹುಡುಗಿಯ ಅರ್ಜಿ ನೋಡಿಕೊಂಡದ್ದು ಬೆಂಗಳೂರಿನ ಒಬ್ಬ ಕನ್ಸಲ್ಟೆಂಟ್. ಯಾಕೆ ಓದಬೇಕು ಅಂತ ಬರೆಯುವ ಎಸ್‌ಒಪಿ, ಮೇಷ್ಟ್ರುಗಳ ಶಿಫಾರಸು ಪತ್ರವಾದ ಎಲ್‌ಒಆರ್, ನಮ್ಮ ಅಂಕಪಟ್ಟಿ ಅಸಲಿ ಅಂತ ಹೇಳುವ, 2022ರ ನವೆಂಬರ್‌ನಿಂದ ಕಡ್ಡಾಯವಾದ ಎಪಿಎಸ್ ಸರ್ಟಿಫಿಕೇಟು, ಎಲ್ಲ ಸರಿಯಾಗಿ ಮಾಡಿಕೊಟ್ಟರು. ರೂಮಿನ ಬಗ್ಗೆ ಅಕ್ಕ ಕೇಳಿದಾಗ ಮಾತ್ರ, "ಅದೆಲ್ಲ ಅಲ್ಲಿ ಹೋಗಿ ನೋಡ್ಕೋಬಹುದು ಮೇಡಂ, ಈಗ್ಲೇ ಯಾಕೆ ಟೆನ್ಷನ್" ಅಂದರು. ಬೆಂಗಳೂರಿನಲ್ಲಿ ಬೆಳೆದ ಮನುಷ್ಯನ ಮಾತು ಅದು. ಪಾಪ, ಅವರು ಸುಳ್ಳು ಹೇಳಲಿಲ್ಲ, ಅವರಿಗೆ ಗೊತ್ತಿದ್ದದ್ದೇ ಅಷ್ಟು.

ಅಲ್ಲಿ ಹೋಗಿ ನೋಡಿಕೊಂಡರೆ ಏನಾಗುತ್ತದೆ? ಜರ್ಮನಿಯಲ್ಲಿ ಮನೆಗೆ ಬಂದ ಎರಡು ವಾರದೊಳಗೆ ಪಾಲಿಕೆ ಕಚೇರಿಗೆ ಹೋಗಿ 'ನಾನು ಇಂಥ ವಿಳಾಸದಲ್ಲಿದ್ದೇನೆ' ಅಂತ ಬರೆಸಬೇಕು. ಅದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಮನೆ ಮಾಲೀಕ ಸಹಿ ಹಾಕಿದ ಕಾಗದ ಇಲ್ಲದೆ ಅದು ಆಗಲ್ಲ. ಆ ನೋಂದಣಿ ಇಲ್ಲದಿದ್ದರೆ ಟ್ಯಾಕ್ಸ್ ನಂಬರು ಬರಲ್ಲ. ಟ್ಯಾಕ್ಸ್ ನಂಬರು ಇಲ್ಲದಿದ್ದರೆ ಪಾರ್ಟ್‌ಟೈಮ್ ಕೆಲಸದ ಸಂಬಳದಲ್ಲಿ ತೆರಿಗೆ ಜಾಸ್ತಿ ಹಿಡಿಯುತ್ತಾರೆ. ಹಲವು ಬ್ಯಾಂಕುಗಳು ಆ ನೋಂದಣಿ ಇಲ್ಲದೆ ಖಾತೆ ತೆರೆಯಲ್ಲ. ಖಾತೆ ಇಲ್ಲದಿದ್ದರೆ ಬ್ಲಾಕ್ಡ್ ಅಕೌಂಟಿನ ತಿಂಗಳ ಕಂತು ಎಲ್ಲಿಗೆ ಬರಬೇಕು? ವೀಸಾ ಮುಗಿಯುವ ಮುಂಚೆ ರೆಸಿಡೆನ್ಸ್ ಪರ್ಮಿಟ್, ಅಂದರೆ ಅಲ್ಲಿ ಉಳಿಯುವ ಅನುಮತಿಯ ಕಾರ್ಡು ಕೇಳಬೇಕಲ್ಲ, ಅದಕ್ಕೂ ಇದೇ ವಿಳಾಸ ಬೇಕು. ಒಂದು ಬೀಗದಕೈ ಸಿಗದಿದ್ದರೆ ಐದು ಬಾಗಿಲು ಮುಚ್ಚುತ್ತವೆ. ಕೆಲವರು ರೂಮು ಕೊಡುತ್ತಾರೆ, ಆದರೆ ಸಹಿ ಹಾಕಲ್ಲ ಅನ್ನುತ್ತಾರೆ. ಗೊತ್ತಿಲ್ಲದವರು ಅದಕ್ಕೂ ಒಪ್ಪಿಕೊಂಡು ಸಿಕ್ಕಿಬೀಳುತ್ತಾರೆ.

ಇದರ ಜೊತೆಗೆ ಮೋಸ. ನಮ್ಮ ಹುಡುಗಿ ಹೊರಡುವ ಎರಡು ತಿಂಗಳ ಮುಂಚೆ ಆನ್‌ಲೈನ್‌ನಲ್ಲಿ ಒಂದು ರೂಮು ಸಿಕ್ಕಿತು. ಒಳ್ಳೆ ಜಾಗ, 450 ಯೂರೋ, ಬಿಸಿಲು ಬೀಳುವ ಕಿಟಕಿ. ಮಾಲೀಕ ತಾನು ಡಾಕ್ಟರು, ಈಗ ಲಂಡನ್ನಿನಲ್ಲಿದ್ದೇನೆ, 900 ಯೂರೋ ಡೆಪಾಸಿಟ್ ಹಾಕಿದರೆ ಬೀಗದಕೈ ಕೊರಿಯರ್ ಮಾಡುತ್ತೇನೆ ಅಂದ. ಪಾಸ್‌ಪೋರ್ಟ್ ಫೋಟೋ ಕೂಡ ಕಳಿಸಿದ. ಭಾವ ದುಡ್ಡು ಕಳಿಸಲು ಫಾರಂ ತುಂಬಿಕೊಂಡು ಬ್ಯಾಂಕಿಗೆ ಹೋದರು. ಬಾಗಿಲು ಮುಚ್ಚಿತ್ತು. ಅವತ್ತು ಎರಡನೇ ಶನಿವಾರ. ಸೋಮವಾರ ಹೊತ್ತಿಗೆ ಆ ಜಾಹೀರಾತೇ ಇರಲಿಲ್ಲ. ಒಂದೇ ಫೋಟೋ ಇಟ್ಟು ನೂರು ಜನರಿಗೆ ಬೀಗದಕೈ ಮಾರುವ ಈ ಆಟ ಯುರೋಪಿನ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ರಾಜಾಜಿನಗರದಲ್ಲಿ ಕೂತ ಅಪ್ಪನಿಗೆ ಗೊತ್ತಿರಲ್ಲ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಅಭ್ಯಾಸವಾದ ಊರಿನವರಿಗೆ ಎರಡು ತಿಂಗಳ ಡೆಪಾಸಿಟ್ ಜಾಸ್ತಿ ಅಂತ ಅನ್ನಿಸುವುದೇ ಇಲ್ಲ. ಜರ್ಮನಿಯ ಕಾನೂನಿನಲ್ಲಿ ಡೆಪಾಸಿಟ್ ಮೂರು ತಿಂಗಳ ಮೂಲ ಬಾಡಿಗೆ ಮೀರುವಂತಿಲ್ಲ. ಇಂಗ್ಲೆಂಡಿನಲ್ಲಿ 2019ರಿಂದ ಸಾಮಾನ್ಯವಾಗಿ ಐದು ವಾರದ್ದು. ಕಾನೂನು ನಮಗಿಂತ ಎಷ್ಟೋ ವಾಸಿ. ರೂಮೇ ಇಲ್ಲ, ಅದೇ ತಾಪತ್ರಯ.

ಯಾಕೆ ಇಲ್ಲ? ಜರ್ಮನಿಯ ವಿದ್ಯಾರ್ಥಿ ನಿಲಯಗಳಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಬ್ಬರಿಗೆ ಸಾಲುವಷ್ಟೇ ಜಾಗ. ದೊಡ್ಡ ಊರುಗಳಲ್ಲಿ ಪಾಳಿ ಬರಲು ಸೆಮಿಸ್ಟರ್‌ಗಟ್ಟಲೆ ಕಾಯಬೇಕು. ಅಕ್ಟೋಬರ್ ಇಂಟೇಕಿಗೆ ಎಲ್ಲರೂ ಒಂದೇ ವಾರ ಬಂದು ಇಳಿಯುತ್ತಾರೆ. ಇದು ಜರ್ಮನಿಯ ಕತೆ ಮಾತ್ರ ಅಲ್ಲ. ನೆದರ್‌ಲ್ಯಾಂಡ್ಸಿನ ಕೆಲವು ಯೂನಿವರ್ಸಿಟಿಗಳು 2022ರ ಸುಮಾರಿಗೆ 'ರೂಮು ಸಿಗದಿದ್ದರೆ ಬರಲೇಬೇಡಿ' ಅಂತ ವಿದೇಶಿ ವಿದ್ಯಾರ್ಥಿಗಳಿಗೆ ನೇರವಾಗಿ ಹೇಳಿದವು. ಕೆನಡಾ 2024ರ ಜನವರಿಯಲ್ಲಿ ಸ್ಟಡಿ ಪರ್ಮಿಟ್‌ಗಳಿಗೆ ಮಿತಿ ಹಾಕಿದಾಗ ಮುಂದಿಟ್ಟ ಕಾರಣಗಳಲ್ಲಿ ಮನೆಗಳ ಕೊರತೆಯೂ ಒಂದು. ಅದೇ ತಿಂಗಳು ಅಲ್ಲಿ ತೋರಿಸಬೇಕಾದ ಜೀವನ ಖರ್ಚಿನ ಮೊತ್ತ 10,000 ಕೆನಡಾ ಡಾಲರಿನಿಂದ 20,635ಕ್ಕೆ ಹಾರಿತು. 2025ರ ಸೆಪ್ಟೆಂಬರ್‌ನಿಂದ 22,895. ಹಳೇ ಹತ್ತು ಸಾವಿರ ಎರಡು ದಶಕದಿಂದ ಹಾಗೇ ಇತ್ತು. ಅದನ್ನೇ ನಂಬಿ ಹೋದ ಹುಡುಗರು ಒಂದು ನೆಲಮಾಳಿಗೆಯಲ್ಲಿ ಆರೇಳು ಜನ ಮಲಗಿದ್ದು ಸುಮ್ನೆ ಅಲ್ಲ.

ನಮ್ಮ ಹುಡುಗಿಯ ಮೊದಲ ಆರು ರಾತ್ರಿ ಹನ್ನೆರಡು ಮಂಚದ ಹಾಸ್ಟೆಲಿನಲ್ಲಿ ಕಳೆಯಿತು. ಆಮೇಲೆ ಸಬ್‌ಲೆಟ್, ಅಂದರೆ ಇನ್ನೊಬ್ಬ ಬಾಡಿಗೆದಾರರ ರೂಮು ಅವರಿಲ್ಲದಾಗ ಬಾಡಿಗೆಗೆ, ಮೂರು ತಿಂಗಳು. ಆಮೇಲೆ ಇನ್ನೊಂದು. ಹಂಚಿಕೊಂಡ ಫ್ಲ್ಯಾಟಿಗೆ ಸೇರಲು ಅಲ್ಲಿ ಇಂಟರ್‌ವ್ಯೂ ಇರುತ್ತದೆ. ಈಗಾಗಲೇ ಇರುವ ಮೂವರು ಸೋಫಾದಲ್ಲಿ ಕೂತು ಕೇಳುತ್ತಾರೆ: ಪಾತ್ರೆ ತೊಳೀತೀಯಾ, ರಾತ್ರಿ ಎಷ್ಟೊತ್ತಿಗೆ ಮಲಗ್ತೀಯಾ, ಪಾರ್ಟಿ ಇಷ್ಟಾನಾ. ಅವಳು ಹದಿನಾಲ್ಕು ಕಡೆ ಹೀಗೆ ಕೂತು ಬಂದಳು. "ಇಲ್ಲಿ ಓನರ್‌ಗಳು ವೆಜ್ಜಾ ನಾನ್‌ವೆಜ್ಜಾ, ಯಾವ ಜನ ಅಂತ ಕೇಳ್ತಾರಲ್ಲ, ಅದಕ್ಕಿಂತ ಪರವಾಗಿಲ್ಲ ಬಿಡು" ಅಂದೆ. "ಬೆಂಗಳೂರಲ್ಲಿ ಯಾಕೆ ಬೇಡ ಅಂದ್ರು ಅಂತ ಗೊತ್ತಾಗುತ್ತೆ ಮಾವ, ಇಲ್ಲಿ ಗೊತ್ತೇ ಆಗಲ್ಲ" ಅಂದಳು. ಸಿಕ್ಕ ಎರಡನೇ ಮನೆಯಲ್ಲಿ ಮೊದಲ ದಿನ ಸಾರಿಗೆ ಒಗ್ಗರಣೆ ಹಾಕಿದ್ದಾಳೆ, ಸಾಸಿವೆ ಸಿಡಿದು ಒಣಮೆಣಸಿನಕಾಯಿ ಘಾಟು ಏರಿದ್ದೇ ತಡ ಚಾವಣಿಯ ಹೊಗೆ ಅಲಾರಂ ಕೂಗಿಕೊಂಡಿದೆ. ಈಗ ಒಗ್ಗರಣೆಗೆ ಮುಂಚೆ ಕಿಟಕಿ ತೆರೆಯುತ್ತಾಳೆ, ಹೊರಗೆ ಸೊನ್ನೆ ಡಿಗ್ರಿ ಇದ್ದರೂ.

ಒಗ್ಗರಣೆ ಅಂದ ಮೇಲೆ ಸೂಟ್‌ಕೇಸಿನ ಮಾತು ಒಂದು. ಅಕ್ಕ ತುಪ್ಪದ ಡಬ್ಬಿ, ಕರಿಬೇವು ಎಲ್ಲ ಕಟ್ಟಿದ್ದಳು. ಯುರೋಪ್ ಒಕ್ಕೂಟದೊಳಕ್ಕೆ ಹೊರಗಿನಿಂದ ಹಾಲು, ತುಪ್ಪ ಒಯ್ಯುವಂತಿಲ್ಲ. ಸೊಪ್ಪು, ತರಕಾರಿಗೆ ಸಸ್ಯ ಆರೋಗ್ಯದ ಸರ್ಟಿಫಿಕೇಟು ಬೇಕು. ತಮಾಷೆ ಏನೆಂದರೆ ತೆಂಗಿನಕಾಯಿ, ಬಾಳೆಹಣ್ಣಿಗೆ ಆ ಸರ್ಟಿಫಿಕೇಟಿನಿಂದ ವಿನಾಯಿತಿ ಇದೆ. ಹಣ್ಣು-ಕಾಯಿ ತಗೊಂಡು ಹೋಗಬಹುದು, ಸಾರಿಗೆ ಕರಿಬೇವು ಇಲ್ಲ.

ಕೆಲಸದ ವಿಷಯಕ್ಕೆ ಬರೋಣ. 'ಪಾರ್ಟ್‌ಟೈಮ್ ಮಾಡಿ ಸಂಭಾಳಿಸ್ತಾನೆ' ಅನ್ನುವುದು ನಮ್ಮ ಮನೆಗಳಲ್ಲಿ ಸಾಲದ ಫಾರಂ ತುಂಬುವಾಗ ಬರುವ ಮಾತು. ಎಷ್ಟು ದುಡಿಯಬಹುದು ಅನ್ನುವುದಕ್ಕೆ ಪ್ರತಿ ದೇಶದಲ್ಲೂ ಮಿತಿ ಇದೆ. ಜರ್ಮನಿಯಲ್ಲಿ 2024ರ ಮಾರ್ಚ್‌ನಿಂದ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ. ಕೆನಡಾದಲ್ಲಿ ತರಗತಿ ನಡೆಯುವಾಗ ಕ್ಯಾಂಪಸ್ಸಿನ ಹೊರಗೆ ವಾರಕ್ಕೆ 24 ಗಂಟೆ. ಆಸ್ಟ್ರೇಲಿಯಾದಲ್ಲಿ ಎರಡು ವಾರಕ್ಕೆ 48. ಬ್ರಿಟನ್ನಿನಲ್ಲಿ ಡಿಗ್ರಿ ಓದುವವರಿಗೆ ವಾರಕ್ಕೆ 20. ಅಮೆರಿಕದಲ್ಲಿ ಕ್ಯಾಂಪಸ್ಸಿನ ಒಳಗೆ ಮಾತ್ರ 20, ಮೊದಲ ವರ್ಷ ಹೊರಗೆ ಕಾಲಿಡುವ ಹಾಗೇ ಇಲ್ಲ. ಜರ್ಮನಿಯ ಕನಿಷ್ಠ ಕೂಲಿ 2026ರಲ್ಲಿ ಗಂಟೆಗೆ 13.90 ಯೂರೋ, 'ಮಿನಿಜಾಬ್' ಅನ್ನುವ ಸಣ್ಣ ಕೆಲಸದಲ್ಲಿ ತಿಂಗಳಿಗೆ 603 ಯೂರೋವರೆಗೆ ಗಳಿಸಬಹುದು. ಗುಣಿಸಿ ನೋಡಿದರೆ ತಿಂಗಳಿಗೆ 43 ಗಂಟೆ. ಮ್ಯೂನಿಕ್ ಬಾಡಿಗೆಯ ಮುಕ್ಕಾಲು ಭಾಗ ಅಷ್ಟೇ.

ಬ್ರಿಟನ್ನಿಗೆ ಹೋದವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಸ್ಟೂಡೆಂಟ್ ವೀಸಾದಲ್ಲಿ ಸ್ವಂತ ಉದ್ಯೋಗ ಮಾಡುವಂತಿಲ್ಲ. ಆ್ಯಪ್‌ನಲ್ಲಿ ಊಟ ತಲುಪಿಸುವ ಕೆಲಸ ಅಲ್ಲಿ ಸಾಮಾನ್ಯವಾಗಿ ಸ್ವಂತ ಉದ್ಯೋಗದ ಲೆಕ್ಕಕ್ಕೆ ಬರುತ್ತದೆ. ಗೆಳೆಯನ ಅಕೌಂಟು ಬಾಡಿಗೆಗೆ ಪಡೆದು ಸೈಕಲ್ ತುಳಿಯುವ ಹುಡುಗರಿಗೆ ಇದು ಗೊತ್ತಿರುತ್ತದೆ, ಇಲ್ಲಿ ಮನೆಯವರಿಗೆ ಗೊತ್ತಿರಲ್ಲ. 'ಮಗ ಸ್ವಾವಲಂಬಿ' ಅಂತ ಹೆಮ್ಮೆಪಡುತ್ತಿರುತ್ತಾರೆ. ಸಿಕ್ಕಿಬಿದ್ದರೆ ಹೋಗುವುದು ವೀಸಾ.

ಹಾಗಾದರೆ ತಿರುಗಾಟ ಎಲ್ಲರಿಗೂ ಅಗ್ಗವಾ? ಅಲ್ಲ. ಅದು ಕೈಯಲ್ಲಿರುವ ಕಾರ್ಡಿನ ಮೇಲೆ ಹೋಗುತ್ತದೆ. ಷೆಂಗೆನ್ ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು. ಜರ್ಮನಿಯ ರೆಸಿಡೆನ್ಸ್ ಪರ್ಮಿಟ್ ಇದ್ದರೆ ಉಳಿದ 28 ಷೆಂಗೆನ್ ದೇಶಗಳಿಗೂ ವೀಸಾ ಬೇಡ, ಯಾವುದೇ 180 ದಿನದಲ್ಲಿ 90 ದಿನದವರೆಗೆ. 2025ರ ಜನವರಿಯಲ್ಲಿ ಬಲ್ಗೇರಿಯಾ, ರೊಮೇನಿಯಾ ಪೂರ್ತಿ ಸೇರಿದ ಮೇಲೆ ಒಟ್ಟು 29 ದೇಶ. ಲಂಡನ್ನಿನಲ್ಲಿ ಓದುವ ಅದೇ ಬಸವನಗುಡಿ ಹುಡುಗನಿಗೆ ಪ್ಯಾರಿಸ್ ರೈಲಿನಲ್ಲಿ ಎರಡೂಕಾಲು ಗಂಟೆ ಚಿಲ್ಲರೆ. ಆದರೆ ಷೆಂಗೆನ್ ವೀಸಾ ಬೇಕು. 90 ಯೂರೋ ಫೀಸು, ಸ್ಲಾಟು, ಬೆರಳಚ್ಚು, ಬ್ಯಾಂಕ್ ಸ್ಟೇಟ್‌ಮೆಂಟು. ಹಾಗಾಗಿ ಲಂಡನ್ನಿನ ಹುಡುಗರ ಫೋಟೋದಲ್ಲಿ ಐಫೆಲ್ ಟವರ್ ಕಡಿಮೆ, ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆ ಜಾಸ್ತಿ. 2015ರ ನವೆಂಬರ್‌ನಲ್ಲಿ ಅನಾವರಣವಾದ ಆ ಪ್ರತಿಮೆಗೆ ಹೋಗಲು ವೀಸಾ ಬೇಡ.

ಜರ್ಮನಿಯವರಿಗೂ ಒಂದು ತೊಡಕಿದೆ. ಭಾರತದಿಂದ ಒಯ್ದ ವೀಸಾ ಕೆಲವೇ ತಿಂಗಳಿನದು. ಅದು ಮುಗಿದು ಹೊಸ ಕಾರ್ಡು ಕೈಗೆ ಬರುವವರೆಗೆ ಒಂದು ತಾತ್ಕಾಲಿಕ ಕಾಗದ ಕೊಡುತ್ತಾರೆ. ಆ ಕಾಗದದಲ್ಲಿ ಯಾವ ಖಾನೆಗೆ ಗುರುತು ಹಾಕಿದ್ದಾರೆ ಅನ್ನುವುದರ ಮೇಲೆ ಗಡಿ ದಾಟಿ ವಾಪಸ್ ಬರಬಹುದಾ ಇಲ್ಲವಾ ಅನ್ನುವುದು ನಿಂತಿದೆ. ಆ ದಿನಗಳಲ್ಲಿ ನಮ್ಮ ಹುಡುಗಿ ಎಲ್ಲಿಗೂ ಹೋಗಲಿಲ್ಲ. ಸಾಲ್ಜ್‌ಬರ್ಗ್‌ಗೆ ಹೋದದ್ದು ಕಾರ್ಡು ಬಂದ ಮೇಲಿನ ವಾರ. ವಾಪಸ್ ಬರುವಾಗ ಗಡಿಯ ಫ್ರೈಲಾಸಿಂಗ್ ಸ್ಟೇಷನ್‌ನಲ್ಲಿ ಪೊಲೀಸರು ರೈಲು ಹತ್ತಿ ಪಾಸ್‌ಪೋರ್ಟ್ ಕೇಳಿದರಂತೆ. ಅವಳು ಪಾಸ್‌ಪೋರ್ಟು, ಕಾರ್ಡು ಎರಡೂ ಒಂದೇ ಪೌಚಿನಲ್ಲಿಟ್ಟು ಕೊರಳಿಗೆ ಹಾಕಿಕೊಂಡಿದ್ದಳು. ಫೋಟೋದಲ್ಲಿ ಆ ದಾರ ಕಾಣುತ್ತದೆ. ದೊಡ್ಡಮ್ಮ ಅದನ್ನು ಕ್ಯಾಮೆರಾ ಅಂದುಕೊಂಡಿದ್ದರು.

ಅಮೆರಿಕದಲ್ಲಿ ಓದುವ ನಮ್ಮವರ ಪಾಡು ಇದಕ್ಕಿಂತ ವಿಚಿತ್ರ. ಅವರಿಗೆ ನ್ಯೂಯಾರ್ಕಿನಿಂದ ಕ್ಯಾಲಿಫೋರ್ನಿಯಾಕ್ಕೆ ಹೋಗುವುದು ಕಷ್ಟವಲ್ಲ. ಅತಿ ಅಪಾಯದ ಪ್ರಯಾಣ ಅಂದರೆ ದಸರೆಗೆ ಊರಿಗೆ ಬರುವುದು. 2024-25ರಲ್ಲಿ ಅಲ್ಲಿ 3.63 ಲಕ್ಷ ಭಾರತೀಯ ವಿದ್ಯಾರ್ಥಿಗಳಿದ್ದರು. ದೇಶದೊಳಗಿರಲು ಕಾಲೇಜು ಕೊಡುವ ಐ-20 ಕಾಗದ ಸಾಕು, ಆದರೆ ಒಮ್ಮೆ ಹೊರಗೆ ಬಂದರೆ ಮತ್ತೆ ಒಳಗೆ ಹೋಗಲು ಪಾಸ್‌ಪೋರ್ಟಿನಲ್ಲಿ ಜೀವಂತ ವೀಸಾ ಸ್ಟ್ಯಾಂಪ್ ಬೇಕು, ಐ-20 ಮೇಲೆ ಕಾಲೇಜಿನ ಪ್ರಯಾಣದ ಸಹಿ ಬೇಕು. ಸ್ಟ್ಯಾಂಪ್ ಮುಗಿದಿದ್ದರೆ ಇಲ್ಲಿ ಹೊಸದಾಗಿ ಕೇಳಬೇಕು. 2025ರ ಮೇ ಕೊನೆಯಲ್ಲಿ ಹೊಸ ಸ್ಟೂಡೆಂಟ್ ಇಂಟರ್‌ವ್ಯೂಗಳನ್ನೇ ಕೆಲವು ವಾರ ನಿಲ್ಲಿಸಿದ್ದರು. ಶುರುವಾದಾಗ ಸೋಷಿಯಲ್ ಮೀಡಿಯಾ ಅಕೌಂಟುಗಳನ್ನು ಎಲ್ಲರಿಗೂ ಕಾಣುವ ಹಾಗೆ ತೆರೆದಿಡಬೇಕು ಅಂದರು. ಸೆಪ್ಟೆಂಬರ್‌ನಿಂದ ಇಂಟರ್‌ವ್ಯೂ ಇಲ್ಲದೆ ನವೀಕರಿಸುವ ಡ್ರಾಪ್‌ಬಾಕ್ಸ್ ದಾರಿಯೂ ವಿದ್ಯಾರ್ಥಿಗಳಿಗೆ ಮುಚ್ಚಿತು. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿ 17ರಂದು ಉದ್ಘಾಟನೆಯಾಯಿತು, ನಾವೆಲ್ಲ ಖುಷಿಪಟ್ಟೆವು. ವೀಸಾ ಕೆಲಸ ಅದರ ಜೊತೆ ಬರಲಿಲ್ಲ. ಬೋರ್ಡು ಬಂತು ಅಂತ ಸಂಭ್ರಮಿಸಿದವರು ಮತ್ತೆ ಚೆನ್ನೈ, ಹೈದರಾಬಾದ್ ಬಸ್ಸು ಹತ್ತಿದರು. ಅಜ್ಜಿಯ ತಿಥಿಗೆ ಬರಲಾಗದೆ ವಿಡಿಯೊ ಕಾಲಿನಲ್ಲಿ ಕೈ ಮುಗಿದ ಹುಡುಗ ನಮ್ಮ ಬೀದಿಯಲ್ಲೇ ಇದ್ದಾನೆ. ಟಿಕೆಟ್ಟಿಗೆ ದುಡ್ಡಿತ್ತು. ವಾಪಸ್ ಹೋಗುವ ಖಾತ್ರಿ ಇರಲಿಲ್ಲ.

ದುಡ್ಡಿನ ಇನ್ನೊಂದು ಮುಖ ಮನೆಯಲ್ಲಿ ಯಾರಿಗೂ ಕಾಣುವುದಿಲ್ಲ, ಅದು ರೂಪಾಯಿ. ಯೂರೋ 90 ರೂಪಾಯಿ ಇದ್ದಾಗ ಆ 11,904 ಅಂದರೆ 10.7 ಲಕ್ಷ. 105 ಆದರೆ 12.5 ಲಕ್ಷ. ಹುಡುಗಿ ಒಂದು ಕಾಫಿ ಕೂಡ ಜಾಸ್ತಿ ಕುಡಿದಿಲ್ಲ, ಖರ್ಚು ಒಂದೂಮುಕ್ಕಾಲು ಲಕ್ಷ ಏರಿತು. ಡಾಲರು 2025ರ ಡಿಸೆಂಬರ್‌ನಲ್ಲಿ 90 ದಾಟಿತು. ಸಾಲ ಮಾತ್ರ ಹಳೇ ಲೆಕ್ಕದಲ್ಲಿ ಮಂಜೂರಾಗಿರುತ್ತದೆ. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ ಏಳೂವರೆ ಲಕ್ಷದವರೆಗೆ ಆಸ್ತಿ ಅಡಮಾನ ಕೇಳುವುದಿಲ್ಲ, ಅದರ ಮೇಲೆ ಸೈಟು, ಮನೆ, ಎಫ್‌ಡಿ ಏನಾದರೂ ಇಡಬೇಕು. ಓದು ಮುಗಿದು ಒಂದು ವರ್ಷದವರೆಗೆ ಕಂತು ಇಲ್ಲ ಅಂತ ಎಲ್ಲರೂ ನೆಮ್ಮದಿಯಾಗಿರುತ್ತಾರೆ, ಬಡ್ಡಿ ಮೊದಲ ದಿನದಿಂದಲೇ ಬೆಳೆಯುತ್ತಿರುತ್ತದೆ. ಸ್ವಂತ ದುಡ್ಡು ಕಳಿಸಿದರೆ ವರ್ಷಕ್ಕೆ 10 ಲಕ್ಷ ದಾಟಿದ ಭಾಗಕ್ಕೆ ಟಿಸಿಎಸ್, ಅಂದರೆ ಕಳಿಸುವಾಗಲೇ ಬ್ಯಾಂಕು ವಸೂಲಿ ಮಾಡುವ ತೆರಿಗೆ, ಹಿಡಿಯುತ್ತಾರೆ. ಬ್ಯಾಂಕ್ ಸಾಲದ ದುಡ್ಡಿಗೆ 2025ರ ಏಪ್ರಿಲ್‌ನಿಂದ ಅದಿಲ್ಲ. ಹಿಡಿದದ್ದನ್ನು ರಿಟರ್ನ್ ಹಾಕುವಾಗ ಹೊಂದಿಸಿಕೊಳ್ಳಬಹುದು. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ವಿದೇಶದಲ್ಲಿ ಓದಲು ನೆರವು ಕೊಡುವ ಕರ್ನಾಟಕ ಸರ್ಕಾರದ ಪ್ರಬುದ್ಧ ಯೋಜನೆ ಇದೆ. ಅದನ್ನು ಹೇಳದ ಕನ್ಸಲ್ಟೆಂಟ್‌ಗಳು ಬೇಕಾದಷ್ಟು ಜನ, ಅದರಲ್ಲಿ ಅವರಿಗೆ ಕಮಿಷನ್ ಇಲ್ಲವಲ್ಲ.

ಮನಸ್ಸಿನ ಮಾತು ನಮ್ಮಲ್ಲಿ ಕೇಳುವುದು ಕಡಿಮೆ. ಬೆಂಗಳೂರಿನಲ್ಲಿ ಜೂನ್ ಆಗಲಿ ಡಿಸೆಂಬರ್ ಆಗಲಿ ಸೂರ್ಯ ಮುಳುಗುವುದು ಆರರ ಆಸುಪಾಸಿನಿಂದ ಏಳರ ಒಳಗೆ. ಮ್ಯೂನಿಕ್‌ನಲ್ಲಿ ಡಿಸೆಂಬರ್‌ನಲ್ಲಿ ನಾಲ್ಕೂಕಾಲು ಕಳೆಯುತ್ತಲೇ ಸೂರ್ಯ ಮುಳುಗುತ್ತಾನೆ. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಿಡುತ್ತಾರೆ. ಮೂರೂವರೆ ಗಂಟೆಯ ಅಂತರ ನಾಲ್ಕೂವರೆ ಆಗುತ್ತದೆ. ಅಕ್ಕ ದಿನಾ ರಾತ್ರಿ ಒಂಬತ್ತಕ್ಕೆ ಫೋನು ಹಿಡಿದು ಕೂರುವವಳು. ಮೊದಲ ವರ್ಷ ಆ ಸೋಮವಾರ ಫೋನು ಬರಲಿಲ್ಲ. ಹತ್ತರವರೆಗೆ ಕಾದಳು, ಮಗಳಿಗೆ ಏನೋ ಆಗಿದೆ ಅಂತ ನನಗೆ ಫೋನು ಮಾಡಿ ಅತ್ತಳು. ಮಗಳು ಎಂದಿನ ಹಾಗೆ ಅಲ್ಲಿಯ ಐದೂವರೆಗೆ ಕ್ಲಾಸು ಮುಗಿಸಿ ನಡೆದು ಬರುತ್ತಿದ್ದಳು, ಕತ್ತಲಲ್ಲಿ. ಆ ಚಳಿಗಾಲ ಅವಳು ಭಾನುವಾರ ಭಾನುವಾರ ರೈಲು ಹತ್ತಿ ಯಾವುದೋ ಊರಿಗೆ ಹೋಗಿ ಬರುತ್ತಿದ್ದಳಂತೆ, ಗಡಿ ದಾಟದೆ. ಭಾನುವಾರ ಜರ್ಮನಿಯಲ್ಲಿ ಅಂಗಡಿ ಮುಚ್ಚಿರುತ್ತವೆ, ಸಬ್‌ಲೆಟ್ ರೂಮಿನಲ್ಲಿ ಒಂದು ಮಂಚ, ಒಂದು ಮೇಜು, ಇನ್ನೊಬ್ಬರ ಪರದೆ. "ರೈಲಲ್ಲಿ ಹೀಟರ್ ಚೆನ್ನಾಗಿರುತ್ತೆ, ಕಿಟಕಿ ಪಕ್ಕ ಕೂತು ಓದ್ತೀನಿ" ಅಂದಳು. ಅವಳ ಒಂದು ಪೇಪರಿನ ಅರ್ಧ ಓದು ಆಗಿದ್ದು ರೆಗೆನ್ಸ್‌ಬರ್ಗ್ ದಾರಿಯಲ್ಲಿ.

ಈಗ ಪಕ್ಕದ ಮನೆ ಹುಡುಗನಿಗೆ ಅಡ್ಮಿಟ್ ಬಂದಿದೆ. ಅವರಪ್ಪ ಮೊನ್ನೆ ಬಂದು ಜರ್ಕಿನ್ ಚಿಕ್ಕಪೇಟೆಯಲ್ಲಿ ತಗೊಳ್ಳಲಾ ಮಾಲ್‌ನಲ್ಲಿ ತಗೊಳ್ಳಲಾ, ಕುಕ್ಕರು ಮೂರು ಲೀಟರಿನದು ಸಾಕಾ ಅಂತ ಕೇಳಿದರು. ವಿದ್ಯಾರ್ಥಿ ನಿಲಯದ ಪಾಳಿಗೆ ಹೆಸರು ಹಾಕಿಸಿದಿರಾ ಅಂತ ನಾನು ಕೇಳಿದೆ. ಅದೆಲ್ಲ ಅಲ್ಲಿ ಹೋಗಿ ನೋಡಿಕೊಳ್ಳುತ್ತಾನೆ ಅಂದರು. ಅವರನ್ನು ಕೂರಿಸಿ, ನಮ್ಮ ಹುಡುಗಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿದೆ. ಮುಕ್ಕಾಲು ಗಂಟೆ ಮಾತಾಡಿದರು. ಕುಕ್ಕರಿನ ಮಾತು ಬರಲಿಲ್ಲ.

ಅವಳಿಗೆ ಪಾಳಿ ಬಂದದ್ದು ಈ ವರ್ಷ ಮಾರ್ಚ್‌ನಲ್ಲಿ, ಮೂರು ಸೆಮಿಸ್ಟರ್ ಕಳೆದ ಮೇಲೆ. 1972ರ ಒಲಿಂಪಿಕ್ಸ್‌ನಲ್ಲಿ ಆಟಗಾರ್ತಿಯರು ಉಳಿದಿದ್ದ ಜಾಗ ಈಗ ವಿದ್ಯಾರ್ಥಿಗಳ ಸಾಲುಮನೆ. ಹಳೆಯದನ್ನು ಕೆಡವಿ ಮತ್ತೆ ಕಟ್ಟಿದ್ದಾರೆ. ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಗೂಡು, ಹೊರಗೋಡೆಗೆ ಅವರವರೇ ಬಣ್ಣ ಬಳಿದುಕೊಳ್ಳಬಹುದು. ಅವಳು ಬೀಗದಕೈ ಹಿಡಿದು ಬಾಗಿಲ ಮುಂದೆ ನಿಂತ ಫೋಟೋವನ್ನು ಗ್ರೂಪಿಗೆ ಹಾಕಿದಳು. ಅರ್ಧ ದಿನ ಯಾರೂ ಏನೂ ಬರೆಯಲಿಲ್ಲ. ಸಂಜೆ ದೊಡ್ಡಮ್ಮ ಬರೆದರು: "ಇದೇನಮ್ಮಾ ಇಷ್ಟು ಚಿಕ್ಕದು, ನಮ್ಮ ಬಚ್ಚಲುಮನೆ ಇದಕ್ಕಿಂತ ದೊಡ್ಡದಿದೆ." ಅದಕ್ಕೆ ಒಂದೇ ಹೆಬ್ಬೆರಳು ಬಂತು, ಭಾವನದು. ದೊಡ್ಡಮ್ಮನ ಮಾತಿಗೋ ಬೀಗದಕೈಗೋ ಅಂತ ನಾನು ಕೇಳಲು ಹೋಗಲಿಲ್ಲ.